ನಾಗಾಸಾಕಿಗೆ ನಮ್ಮ ಇಗರ್ಜಿ ಯೂತ್ ಗ್ರೂಪಿನ ಒಂದು ದಿನದ ಟ್ರಿಪ್: ಹೋಗಿ ಬಂದದ್ದು, ಹೋಗುವವರಿಗೆ ಹೇಳ್ಬೇಕು ಅನ್ಸಿದ್ದು

ಬೆಳ್ತಂಗಡಿ_ಟು_ಫುಕುಓಕಾ

ಎಲ್ರಿಗೂ ನಮಸ್ಕಾರ. ಫುಕುಓಕಾದಿಂದ ನಾಗಾಸಾಕಿ ಒಂದೇ ದಿನದಲ್ಲಿ ಹೋಗಿ ಬರ್ಲಿಕ್ಕೆ ಆಗ್ತದಾ, ಚರ್ಚ್ ಗ್ರೂಪ್ ಕರ್ಕೊಂಡು ಹೋಗುದಾದ್ರೆ ಎಂತ ನೋಡ್ಬೇಕು ಅಂತ ಇಲ್ಲಿ ಒಬ್ರು ಕೇಳಿದ್ರು, ಆಗ ಉತ್ತರ ಬರೀಲಿಕ್ಕೆ ಆಗಿರ್ಲಿಲ್ಲ, ಈಗ ನಾವೇ ಹೋಗಿ ಬಂದ್ವಿ, ಹಾಗಾಗಿ ಸ್ವಲ್ಪ ಉದ್ದವೇ ಬರೀತೇನೆ.

ನಾನು ಊರು ಬಿಟ್ಟು ಇಲ್ಲಿಗೆ ಬಂದು ನಾಲ್ಕು ವರ್ಷ ಆಯ್ತು. ಇಲ್ಲಿಯ ಇಗರ್ಜಿಯಲ್ಲಿ ಯುವಕರ ಸಂಘಕ್ಕೆ ಸೇನೆನ್‌ಕಾಯ್ ಅಂತಾರೆ, ನಮ್ಮ ಊರಿನ ಕಥೋಲಿಕ ಯುವ ಸಂಘಟನೆ ಐಸಿವೈಎಂ ಇದ್ದ ಹಾಗೆ. ಆದ್ರೆ ಇಲ್ಲಿ ಜಪಾನಿ ಹುಡುಗ್ರು ಐದಾರು ಜನ ಅಷ್ಟೇ, ಉಳಿದವ್ರೆಲ್ಲ ವಿಯೆಟ್ನಾಮಿನವ್ರು, ಫಿಲಿಪ್ಪೀನ್ಸಿನವ್ರು, ಇಂಡಿಯಾದಿಂದ ನಾನೊಬ್ಬ. ವಿಯೆಟ್ನಾಮಿನ ಮಕ್ಕಳು ಹೆಚ್ಚಿನವ್ರು ಫ್ಯಾಕ್ಟರಿ, ವೃದ್ಧಾಶ್ರಮಗಳಲ್ಲಿ ಟ್ರೇನಿಗಳಾಗಿ ಬಂದವ್ರು, ಹತ್ತೊಂಬತ್ತು ಇಪ್ಪತ್ತು ವರ್ಷದವ್ರು, ರಜೆ ಸಿಗುದೇ ಅಪರೂಪ. ಹಾಗಾಗಿ ಈ ಟ್ರಿಪ್ ಅವ್ರಿಗೆ ಎಷ್ಟು ದೊಡ್ಡದು ಅಂತ ಹೋಗುವ ಮೊದ್ಲು ನಂಗೆ ಗೊತ್ತೇ ಇರ್ಲಿಲ್ಲ.

ಮಾರ್ಚ್ 20, ಶುಕ್ರವಾರ, ಇಲ್ಲಿ ಸರ್ಕಾರಿ ರಜೆ. ನಾವು ಒಟ್ಟು 22 ಜನ. ಒಂದು ಮಿನಿಬಸ್ಸನ್ನು ಡ್ರೈವರ್ ಸಮೇತ ಬಾಡಿಗೆಗೆ ಮಾಡಿದ್ವಿ, ತಲೆಗೆ ಸುಮಾರು 4500 ಯೆನ್ ಬಿತ್ತು. ಬೆಳಿಗ್ಗೆ ಆರೂವರೆಗೆ ಹೊರಟು ಒಂಬತ್ತಕ್ಕೆ ಮುಟ್ಟುದು ಅಂತ ಲೆಕ್ಕ. ನಮ್ಮ ಪಟ್ಟಿಯಲ್ಲಿ ಆರು ಜಾಗ ಇತ್ತು. ಆದ್ರೆ ಮೂರು ದಿನದ ಸಾಲು ರಜೆಯ ಮೊದಲ ದಿನ ನೋಡಿ, ಹೈವೇ ಪೂರಾ ಜಾಮ್, ಮುಟ್ಟುವಾಗ ಹತ್ತೂಕಾಲು. ಬಸ್ಸಲ್ಲೇ ಕೂತು ಪಟ್ಟಿಯಿಂದ ಮೂರು ಜಾಗ ತೆಗ್ದು ಹಾಕಿದ್ವಿ. ಆಗ ತುಂಬ ಬೇಜಾರಾಯ್ತು. ಈಗ ಹೇಳ್ತೇನೆ, ಮತ್ತೊಮ್ಮೆ ಹೋದ್ರೂ ಆ ಮೂರೇ ಜಾಗ, ಅದೇ ಕ್ರಮ: ಮೊದ್ಲು ನಿಶಿಜಾಕಾ ಗುಡ್ಡ, ಆಮೇಲೆ ಓಉರಾ ಇಗರ್ಜಿ, ಕೊನೆಗೆ ಉರಾಕಾಮಿ ಇಗರ್ಜಿ.

ನಿಶಿಜಾಕಾ ಅಂದ್ರೆ ನಾಗಾಸಾಕಿ ರೈಲ್ವೆ ಸ್ಟೇಷನಿಂದ ಐದು ನಿಮಿಷ ಏರು ಹತ್ತಿದ್ರೆ ಸಿಗುವ ಸಣ್ಣ ಗುಡ್ಡ. 1597 ಫೆಬ್ರವರಿ 5ಕ್ಕೆ ಆಗ ಜಪಾನನ್ನು ಆಳ್ತಿದ್ದ ಹಿದೆಯೋಶಿಯ ಆಜ್ಞೆಯಂತೆ 26 ಜನ ಕ್ರೈಸ್ತರನ್ನು ಇಲ್ಲಿ ಶಿಲುಬೆಗೆ ಏರಿಸಿದ್ರು. ಕ್ಯೋತೊ, ಒಸಾಕಾದಲ್ಲಿ ಹಿಡ್ದು, ಎಡಗಿವಿಯ ಒಂದು ಭಾಗ ಕೊಯ್ದು, ಚಳಿಗಾಲದಲ್ಲಿ ಸುಮಾರು 800 ಕಿಲೋಮೀಟರ್ ನಡೆಸ್ಕೊಂಡು ಬಂದದ್ದು. ಹೊರಡುವಾಗ 24 ಜನ, ದಾರಿಯಲ್ಲಿ ಅವ್ರ ಸೇವೆ ಮಾಡ್ತಾ ಜೊತೆಗೆ ಬರ್ತಿದ್ದ ಇಬ್ಬರನ್ನೂ ಸೇರಿಸಿದ್ರು. ಅಲ್ಲಿ ಈಗ ಉದ್ದ ಗೋಡೆ, ಗೋಡೆಯಲ್ಲಿ 26 ಕಂಚಿನ ಮೂರ್ತಿಗಳು ಸಾಲಾಗಿ, ಫುನಾಕೋಶಿ ಯಾಸುತಾಕೆ ಎಂಬ ಶಿಲ್ಪಿ ಮಾಡಿದ್ದು, 1962ರದ್ದು. ಯಾರಿಗೂ ಕಾಲು ನೆಲದ ಮೇಲೆ ಇಲ್ಲ, ಪಾದ ಕೆಳಗೆ ಇಳಿಬಿಟ್ಟ ಹಾಗೆ ಉಂಟು, ಮೇಲಕ್ಕೆ ಏಳ್ತಾ ಇರುವವ್ರ ಕಾಲು. ಸಾಲಲ್ಲಿ ಮೂರು ಮೂರ್ತಿ ಉಳಿದವಕ್ಕಿಂತ ಗಿಡ್ಡ. ಅವು ಮಕ್ಕಳು. ಅತಿ ಸಣ್ಣವ ಲೂಯಿಸ್ ಇಬಾರಾಕಿ, 12 ವರ್ಷ.

ನಮ್ಮ ಗುಂಪಿನ ಒಬ್ಬಳು ವಿಯೆಟ್ನಾಮಿನ ಹುಡುಗಿ ಆ ಸಣ್ಣ ಮೂರ್ತಿ ಕೆಳಗೆ ಹೋಗಿ ನಿಂತವಳು ಅಲ್ಲಿಂದ ಕದಲ್ಲೇ ಇಲ್ಲ. ಊರಲ್ಲಿ ಅವಳಿಗೆ ಅದೇ ವಯಸ್ಸಿನ ತಮ್ಮ ಇದ್ದಾನಂತೆ. ಯಾರೂ ಅವಳನ್ನು ಕರೀಲಿಲ್ಲ, ಎಲ್ರೂ ಸುಮ್ನೆ ಕಾದ್ವಿ. ಪಟ್ಟಿಯಲ್ಲಿ ಆರು ಜಾಗ ಇದ್ದಿದ್ರೆ ನಾನೇ ವಾಚ್ ನೋಡಿ "ಬಸ್ಸಿಗೆ ಹೊತ್ತಾಯ್ತು" ಅಂತ ಕರೀತಿದ್ದೆ, ಅದು ಖಂಡಿತ.

ಆಮೇಲೆ ನಾನು ಹೆಸರುಗಳನ್ನು ಓದ್ತಾ ಹೋದೆ. ಇಪ್ಪತ್ತು ಜನ ಜಪಾನಿನವ್ರು, ನಾಲ್ವರು ಸ್ಪೇನಿನವ್ರು, ಒಬ್ರು ಮೆಕ್ಸಿಕೋದವ್ರು, ಮತ್ತೆ ಗೊನ್ಸಾಲೊ ಗಾರ್ಸಿಯಾ. ಮುಂಬೈ ಹತ್ರದ ನಮ್ಮ ವಸಾಯಿಯಲ್ಲಿ ಹುಟ್ಟಿದವ್ರು, ಅಪ್ಪ ಪೋರ್ಚುಗೀಸ್, ಅಮ್ಮ ವಸಾಯಿಯವ್ರು. ಸಣ್ಣದಿರುವಾಗ ಧರ್ಮೋಪದೇಶ ಕ್ಲಾಸಲ್ಲಿ ಹೆಸರು ಕೇಳಿದ್ದೆ, ಜಪಾನಲ್ಲಿ ತೀರಿಹೋದವ್ರು ಅಂತಾನೂ ಗೊತ್ತಿತ್ತು, ಆದ್ರೆ ಅದು ಈ ಗುಡ್ಡ, ಈ ಗೋಡೆ ಅಂತ ತಲೆಗೇ ಹೋಗಿರ್ಲಿಲ್ಲ. ನಮ್ಮ ಫಾದರಿಗೆ ಹೇಳಿದೆ, ಇವ್ರು ನಮ್ಮ ದೇಶದವ್ರು ಅಂತ. ಅವ್ರು ಎಲ್ರನ್ನೂ ಆ ಮೂರ್ತಿ ಕೆಳಗೆ ಕರ್ದು, ಇವತ್ತು ಇವನ ಭಾಷೆಯಲ್ಲಿ ಇವನೇ ಪ್ರಾರ್ಥನೆ ಹೇಳ್ಲಿ ಅಂದ್ರು. ನಂಗೆ ಬಾಯಿಗೆ ಬಂದದ್ದು ಮನೆಯಲ್ಲಿ ಸಂಜೆ ತೇರ್ಸಿಗೆ, ಅಂದ್ರೆ ಜಪಮಾಲೆ ಪ್ರಾರ್ಥನೆಗೆ, ಅಮ್ಮ ಹೇಳುವ ನಮಾನ್ ಮರಿಯೆ. ಕೊಂಕಣಿಯಲ್ಲಿ ಅರ್ಧ ಹೇಳುವಾಗ ಗಂಟಲು ಕಟ್ಟಿತು, ಉಳಿದ ಅರ್ಧ ಅವ್ರೆಲ್ಲ ಅವರವ್ರ ಭಾಷೆಯಲ್ಲಿ ಮುಗಿಸಿದ್ರು.

ಓಉರಾ, ಉರಾಕಾಮಿ ಬಗ್ಗೆ ಮುಂದೆ ಬರೀತೇನೆ, ಈಗ ನೈಟ್ ಶಿಫ್ಟಿಗೆ ಹೊರಡ್ಬೇಕು.

ಬಜ್ಪೆ_ಬಾಯಿ

ಓದಿ ಮೈ ಜುಮ್ ಅಂತು ಮಾರಾಯ. ನಾವು ಯೂತಿನಿಂದ ಪ್ರತಿ ವರ್ಷ ಬಸ್ ಮಾಡಿ ಅತ್ತೂರು ಇಗರ್ಜಿಗೆ ಹೋಗ್ತಿದ್ದದ್ದು ನೆನಪಾಯ್ತು, ಬಸ್ಸಲ್ಲಿ ಹೋಗುವಾಗ ತೇರ್ಸ್, ಬರುವಾಗ ಪದ್ಯ. ಅಲ್ಲಿಯೂ ಬಸ್ಸಲ್ಲಿ ಪದ್ಯ ಹೇಳ್ತಾರಾ? ನಾಲ್ಕು ಭಾಷೆಯವ್ರು ಇದ್ರೆ ಹೇಗೆ? ಮತ್ತೆ ಓಉರಾದ ಕಥೆ ಬೇಗ ಬರಿ.

ವಸಾಯಿ_ಕನ್ನಡಿಗ

ನಮಸ್ಕಾರ. ನಾನು ಮೂಲ್ಕಿ ಕಡೆಯವನು, ವಸಾಯಿಗೆ ಬಂದು ಇಪ್ಪತ್ತೆಂಟು ವರ್ಷ. ನಿಮ್ಮ ಬರಹ ನನ್ನ ಹೆಂಡ್ತಿಗೆ ಓದಿ ಹೇಳಿದೆ. ಇಲ್ಲಿ ಗಾಸ್ ಅನ್ನುವ ಊರಲ್ಲಿ ಗೊನ್ಸಾಲೊ ಗಾರ್ಸಿಯಾರ ಹೆಸರಿನ ಇಗರ್ಜಿ ಉಂಟು, ಇಲ್ಲಿಯವ್ರಿಗೆ ಅವ್ರು ಅಂದ್ರೆ ಮನೆಮಗ ಇದ್ದ ಹಾಗೆ. ಭಾರತದಲ್ಲಿ ಹುಟ್ಟಿದವ್ರಲ್ಲಿ ಸಂತ ಪದವಿ ಸಿಕ್ಕಿದ ಮೊದಲಿಗರು ಅವ್ರು, 1862ರಲ್ಲಿ ಉಳಿದ 25 ಜನರ ಜೊತೆ.

ಒಂದು ಸಂಗತಿ ಸೇರಿಸ್ತೇನೆ, ಯೂತಿನವ್ರಿಗೆ ಇದು ಹೇಳ್ಬೇಕು. ಅವ್ರು ಪಾದ್ರಿ ಅಲ್ಲ. ಹುಡುಗ ಪ್ರಾಯದಲ್ಲಿ ಜೆಸ್ವಿತ ಗುರುಗಳ ಜೊತೆ ಜಪಾನಿಗೆ ಹೋಗಿ ಭಾಷೆ ಕಲ್ತು ಧರ್ಮೋಪದೇಶ ಮಾಡ್ತಿದ್ರು, ಆಮೇಲೆ ಅದನ್ನು ಬಿಟ್ಟು ವ್ಯಾಪಾರ ಮಾಡಿದ್ರು, ವ್ಯಾಪಾರ ಚೆನ್ನಾಗಿಯೇ ನಡೀತಿತ್ತು. ಮನಿಲಾದಲ್ಲಿ ಅದನ್ನೂ ಬಿಟ್ಟು ಫ್ರಾನ್ಸಿಸ್ಕನ್ ಸನ್ಯಾಸಿ ಸಂಘದ ಬ್ರದರ್ ಆದ್ರು. 1593ರಲ್ಲಿ ಪೆದ್ರೊ ಬಾವ್ತಿಸ್ತಾ ಎಂಬ ಗುರುಗಳನ್ನು ಜಪಾನಿಗೆ ಕಳಿಸುವಾಗ ಇವ್ರನ್ನು ದುಭಾಷಿಯಾಗಿ ಕಳಿಸಿದ್ರು, ಜಪಾನಿ ಭಾಷೆ ಅಷ್ಟು ಚೆನ್ನಾಗಿ ಬರ್ತಿತ್ತು. ಪರದೇಶದಲ್ಲಿ ಭಾಷೆ ಕಲ್ತು, ಕೆಲಸ ಬದಲಾಯಿಸಿ, ತಮ್ಮ ದಾರಿ ಯಾವುದು ಅಂತ ಹುಡುಕ್ತಾ ಇರುವ ಹುಡುಗ್ರಿಗೆ ಇವ್ರಿಗಿಂತ ಹತ್ತಿರದ ಸಂತ ಬೇರೆ ಯಾರೂ ಇಲ್ಲ ಅಂತ ನನ್ನ ಅಭಿಪ್ರಾಯ.

ಹುಬ್ಳಿ_ಮಂದಿ_ಓಸಾಕಾ

ಛಲೋ ಬರದೀರಿ ಸರ್. ಮೊದ್ಲ ಕೇಳಿದಂವ ನಾನ ರೀ. ನಮ್ದು ಸಿಎಸ್ಐ ಸಭೆ, ಇಲ್ಲೆ ಓಸಾಕಾದಾಗ ಬ್ಯಾರೆ ಬ್ಯಾರೆ ಸಭೆಯ ಯಂಗ್‌ಸ್ಟರ್ಸ್ ಕೂಡಿ ಒಂದು ಗ್ರೂಪ್ ಮಾಡ್ಕೊಂಡೀವಿ. ಮೇ ತಿಂಗಳಾಗ ಫುಕುಓಕಾಕ್ಕ ಕ್ಯಾಂಪ್ ಐತಿ, ಅದರಾಗ ಒಂದಿನ ನಾಗಾಸಾಕಿ. ಆದ್ರ ನಿಮ್ಮ ಮಾತು ನನಗ ಪೂರ್ತಿ ಒಪ್ಪಿಗಿ ಆಗಂಗಿಲ್ರಿ. ಓಸಾಕಾದಿಂದ ಅಷ್ಟು ದೂರ ಹೋಗಿ ಬರೇ ಮೂರು ಜಾಗ ನೋಡಿ ಬರೂದಂದ್ರ ಹೆಂಗ? ನಮ್ಮ ಪಟ್ಟಿ ಹಿಂಗ ಐತಿ: ಪೀಸ್ ಪಾರ್ಕ್, ಅಟಾಮಿಕ್ ಬಾಂಬ್ ಮ್ಯೂಸಿಯಂ, ಉರಾಕಾಮಿ, ದೆಜಿಮಾ, ಚೈನಾಟೌನ್, ಓಉರಾ, ಗ್ಲೋವರ್ ಗಾರ್ಡನ್, ಸಂಜಿಮುಂದ ಇನಾಸಾ ಗುಡ್ಡದ ಮ್ಯಾಲಿನ ನೋಟ. ಹುಡುಗ್ರಿಗೆ ಮಜಾನೂ ಬೇಕಲ್ರಿ, ಬರೇ ಸಾವು ನೋವು ನೋಡ್ಕೊಂತ ಹೋದ್ರ ಬ್ಯಾಸರ ಆಗ್ತಾರ. ಮತ್ತ ನೀವು ಹೇಳಿದ ಕ್ರಮದಾಗ ಹೋದ್ರ ಊರ ನಡುವಿಂದ ದಕ್ಷಿಣಕ್ಕ ಹೋಗಿ ತಿರುಗಿ ಉತ್ತರಕ್ಕ ಬರಬೇಕು, ಟೈಮ್ ವೇಸ್ಟ್ ಅಲ್ಲೇನು?

ಬೆಳ್ತಂಗಡಿ_ಟು_ಫುಕುಓಕಾ

ಬಂದೆ. ಒಂದೊಂದಾಗಿ ಬರೀತೇನೆ.

@ಬಜ್ಪೆ_ಬಾಯಿ ಅಕ್ಕ, ಹಾಡಿದ್ರು ಹಾಡಿದ್ರು, ವಿಯೆಟ್ನಾಮಿನವ್ರು ಶುರು ಮಾಡಿದ್ರೆ ನಿಲ್ಲಿಸುದೇ ಇಲ್ಲ. ತೇರ್ಸ್ ಒಂದೊಂದು ದಶಕ, ಅಂದ್ರೆ ಹತ್ತು ಮಣಿಯ ಒಂದು ಭಾಗ, ಒಂದೊಂದು ಭಾಷೆಯಲ್ಲಿ. ಜಪಾನಿ ಹುಡುಗ್ರು ಮೊದ್ಲು ನಾಚ್ಕೊಂಡು ಕೂತಿದ್ರು, ಬರುವಾಗ ಅವ್ರೇ ಮೈಕ್ ಹಿಡ್ದಿದ್ರು.

@ವಸಾಯಿ_ಕನ್ನಡಿಗ ಅಣ್ಣ, ವ್ಯಾಪಾರ ಬಿಟ್ಟು ಹೋದದ್ದು ನಂಗೆ ಗೊತ್ತಿರ್ಲಿಲ್ಲ. ಈ ಭಾನುವಾರ ನಮ್ಮವ್ರಿಗೆ ಹೇಳ್ತೇನೆ.

@ಹುಬ್ಳಿ_ಮಂದಿ_ಓಸಾಕಾ ಸರ್, ನಿಮ್ಮ ಕೊನೆಯ ಪ್ರಶ್ನೆಗೆ ಮೊದ್ಲು. ಮ್ಯಾಪ್ ನೋಡಿದ್ರೆ ಹೌದು, ಹಿಂದೆ ಮುಂದೆ ಹೋದ ಹಾಗೆ ಆಗ್ತದೆ, ಟ್ರಾಮಲ್ಲಿ ಮುಕ್ಕಾಲು ಗಂಟೆ ಜಾಸ್ತಿ ಅಂತಲೇ ಇಟ್ಕೊಳ್ಳಿ. ಆದ್ರೂ ಆ ಕ್ರಮ ಯಾಕೆ ಅಂತ ಹೇಳ್ತೇನೆ. ಓಉರಾ ಇಗರ್ಜಿಯನ್ನು ಆ 26 ಜನರ ಹೆಸರಿಗೇ ಕಟ್ಟಿದ್ದು, ನಿಶಿಜಾಕಾ ಗುಡ್ಡದ ಕಡೆಗೆ ಮುಖ ಮಾಡಿ ಕಟ್ಟಿದ್ದು. ಗುಡ್ಡ ನೋಡಿ ಆಮೇಲೆ ಓಉರಾದ ಮೆಟ್ಲು ಹತ್ತಿ ಹಿಂತಿರುಗಿ ನೋಡಿದ್ರೆ ಇದು ಯಾರಿಗೋಸ್ಕರ ನಿಂತದ್ದು ಅಂತ ಯಾರೂ ಹೇಳಿಕೊಡುದೇ ಬೇಡ.

1865ರಲ್ಲಿ, ಆ ಇಗರ್ಜಿ ಆಶೀರ್ವಾದ ಆಗಿ ಒಂದು ತಿಂಗಳು ಆಗಿತ್ತಷ್ಟೇ. ಅದು ಇಲ್ಲಿದ್ದ ವಿದೇಶಿ ವ್ಯಾಪಾರಿಗಳಿಗೆ ಅಂತ ಕಟ್ಟಿದ್ದು, ಜಪಾನಿನವ್ರಿಗೆ ಕ್ರೈಸ್ತ ಧರ್ಮ ಆಗಲೂ ನಿಷೇಧವೇ. ಮಾರ್ಚ್ 17ಕ್ಕೆ ಉರಾಕಾಮಿ ಹಳ್ಳಿಯಿಂದ ಹತ್ತು ಹದಿನೈದು ಜನ ಬಂದು ಬಾಗಿಲ ಹತ್ರ ನಿಂತ್ರು. ಫಾದರ್ ಪೆಟಿಜಾನ್ ಬಾಗಿಲು ತೆಗ್ದು ಒಳಗೆ ಹೋಗಿ ಪ್ರಾರ್ಥನೆ ಮಾಡುವಾಗ ಒಬ್ಬಳು ಹೆಂಗ್ಸು ಹತ್ರ ಬಂದು ಮೆಲ್ಲಗೆ, ನಮ್ಮ ಹೃದಯವೂ ನಿಮ್ಮ ಹೃದಯವೂ ಒಂದೇ ಅಂದ್ಲು. ಸಾಂತಾ ಮರಿಯಾಳ ಮೂರ್ತಿ ಎಲ್ಲಿ ಅಂತ ಕೇಳಿದ್ಲು. ಇದು ದುಃಖದ ಕಾಲ, ನಾವು ಆಚರಿಸ್ತಾ ಇದ್ದೇವೆ, ನೀವೂ ಆಚರಿಸ್ತೀರಾ ಅಂತಾನೂ ಆ ಗುಂಪಿನವ್ರು ಕೇಳಿದ್ರು. ಅಂದ್ರೆ ನಮ್ಮ ತಪಸ್ಸುಕಾಲ, ಈಸ್ಟರಿಗೆ ಮೊದ್ಲು ಬರುವ ಉಪವಾಸದ ಕಾಲ. ಜಪಾನಲ್ಲಿದ್ದ ಕೊನೆಯ ಪಾದ್ರಿಯನ್ನು ಕೊಂದದ್ದು 1644ರಲ್ಲಿ. ಲೆಕ್ಕ ಹಾಕಿ, 221 ವರ್ಷ ಪಾದ್ರಿ ಇಲ್ಲ, ಪೂಜೆ ಇಲ್ಲ, ಇಗರ್ಜಿ ಇಲ್ಲ, ಆದ್ರೂ ತಪಸ್ಸುಕಾಲ ಯಾವಾಗ ಅಂತ ಅವ್ರಿಗೆ ಗೊತ್ತಿತ್ತು. ನಾವು ಹೋದದ್ದೂ ತಪಸ್ಸುಕಾಲದಲ್ಲೇ, ಮಾರ್ಚ್ 17 ಕಳ್ದು ಮೂರು ದಿನಕ್ಕೆ. ಆ ಮರಿಯಮ್ಮನ ಬಿಳಿ ಮೂರ್ತಿ ಈಗಲೂ ಅಲ್ಲೇ ಪಕ್ಕದ ಪೀಠದಲ್ಲಿ ಉಂಟು.

ಒಳಗೆ ಫೋಟೋ ತೆಗೀಲಿಕ್ಕೆ ಇಲ್ಲ, ಮೊದ್ಲೇ ಹೇಳಿಡಿ. ಟಿಕೆಟ್ ತಗೊಂಡು ಹೋಗ್ಬೇಕು, ಅದ್ರಲ್ಲೇ ಪಕ್ಕದ ಮ್ಯೂಸಿಯಮ್ಮೂ ಸೇರ್ತದೆ. ಪೂಜೆ ಬೇಕಾದ್ರೆ ಹತ್ರದಲ್ಲೇ ಬೇರೆ ಇಗರ್ಜಿ ಉಂಟು, ಇದು ಈಗ ಹೆಚ್ಚಾಗಿ ನೋಡ್ಲಿಕ್ಕೆ ಬರುವವ್ರಿಗೆ. 2018ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಗುಪ್ತ ಕ್ರೈಸ್ತರ 12 ತಾಣಗಳಲ್ಲಿ ಇದೂ ಒಂದು. ಆದ್ರೆ ನಿಶಿಜಾಕಾವೂ ಉರಾಕಾಮಿಯೂ ಆ ಪಟ್ಟಿಯಲ್ಲಿ ಇಲ್ಲ, ಹಾಗಾಗಿ ಪಟ್ಟಿ ನೋಡಿ ಮಾತ್ರ ಪ್ಲಾನ್ ಮಾಡ್ಬೇಡಿ.

ಮಜಾ ಬೇಕು ಅಂದದ್ದು ಸರಿ, ಅದನ್ನು ನಾನು ಒಪ್ತೇನೆ. ಗ್ಲೋವರ್ ಗಾರ್ಡನ್ ಓಉರಾದ ಪಕ್ಕದಲ್ಲೇ, ನಾವು ಅದನ್ನು ಬಿಟ್ಟದ್ದಕ್ಕೆ ಫಿಲಿಪ್ಪೀನ್ಸಿನ ಇಬ್ರು ಹುಡುಗಿಯರಿಗೆ ನಿಜವಾಗ್ಲೂ ಬೇಜಾರಾಯ್ತು, ಅಲ್ಲಿಂದ ಹಾರ್ಬರ್ ಚಂದ ಕಾಣ್ತದೆ ಅಂತ ಮೊದ್ಲಿಂದ ಹೇಳ್ತಿದ್ರು. ಅವ್ರಿಗೆ ಅರ್ಧ ಗಂಟೆ ಕೊಡ್ಬೇಕಿತ್ತು. ಅಷ್ಟು ತಪ್ಪು ನಮ್ದೇ. ಬದಲಿಗೆ ಓಉರಾದ ಇಳಿಜಾರು ರಸ್ತೆಯಲ್ಲಿ ಕಾಸ್ತೆಲಾ ತಿಂದ್ವಿ. ಪೋರ್ಚುಗೀಸರಿಂದ ಬಂದ ಕೇಕು ಅದು, ತಳದಲ್ಲಿ ದಪ್ಪ ಸಕ್ರೆ ಹರಳು ಕರಗದೆ ಕೂತಿರ್ತದೆ, ಹಲ್ಲಿಗೆ ಕುರುಕುರು ಸಿಗ್ತದೆ. ಒಬ್ಬ ವಿಯೆಟ್ನಾಮಿನ ಹುಡುಗ ಕೇಕು ಬೇರೆ, ತಳದ ಸಕ್ರೆ ಬೇರೆ ಮಾಡಿ ಸಕ್ರೆ ಭಾಗವನ್ನು ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿದ, ರೂಮಿನ ಗೆಳೆಯನಿಗೆ ಅಂತ. ಆ ಗೆಳೆಯನಿಗೆ ಆ ದಿನ ರಜೆ ಸಿಕ್ಕಿರ್ಲಿಲ್ಲ.

ತುಮಕೂರು_ಟೋಕಿಯೊ

ನಮಸ್ಕಾರ ಸರ್, ನಾನು ಕ್ರಿಶ್ಚಿಯನ್ ಅಲ್ಲ, ಆದ್ರೂ ಓದ್ತಾ ಓದ್ತಾ ಬಿಡೋಕೆ ಆಗ್ಲಿಲ್ಲ. ಎರಡು ವರ್ಷದ ಹಿಂದೆ ಆಫೀಸಿನವರ ಜೊತೆ ನಾಗಾಸಾಕಿಗೆ ಹೋಗಿದ್ದೆ. ಪೀಸ್ ಪಾರ್ಕಲ್ಲಿ ಆ ದೊಡ್ಡ ಮೂರ್ತಿ ಮುಂದೆ ಎಲ್ರೂ ಅದರ ಥರಾನೇ ಒಂದು ಕೈ ಮೇಲಕ್ಕೆ ಒಂದು ಕೈ ಪಕ್ಕಕ್ಕೆ ಚಾಚಿ ನಗ್ತಾ ಫೋಟೋ ತೆಗೆಸ್ಕೊಂಡ್ವಿ. ಆಮೇಲೆ ಮ್ಯೂಸಿಯಂ ಒಳಗೆ ಹೋಗಿ ಬಾಂಬ್ ಸಿಡಿದ ಹೊತ್ತು 11:02ಕ್ಕೆ ನಿಂತ ಗಡಿಯಾರ ನೋಡ್ದಾಗ ಆ ಫೋಟೋ ಡಿಲೀಟ್ ಮಾಡ್ದೆ. ಮೇಲಕ್ಕೆ ಎತ್ತಿರೋ ಕೈ ಅಣುಬಾಂಬಿನ ಅಪಾಯ ತೋರಿಸೋದು ಅಂತ ಆಮೇಲೆ ಗೊತ್ತಾಯ್ತು. ಯುವಕರನ್ನ ಕರ್ಕೊಂಡು ಹೋಗೋರು ಇದನ್ನ ಮೊದ್ಲೇ ಹೇಳ್ಬಿಟ್ರೆ ಒಳ್ಳೇದು.

ಇನ್ನೊಂದು ಜಾಗ ಹೇಳ್ಲೇಬೇಕು. ಸಾನ್ನೋ ಶಿಂತೋ ದೇವಸ್ಥಾನ. ಬಾಂಬ್ ಬಿದ್ದ ಜಾಗದಿಂದ ಸುಮಾರು 800 ಮೀಟರ್. ಅದರ ಕಲ್ಲಿನ ಕಮಾನು ಅರ್ಧ ಹೋಗಿ ಒಂದೇ ಕಾಲಲ್ಲಿ ಇವತ್ತಿಗೂ ನಿಂತಿದೆ. ಪಕ್ಕದಲ್ಲಿ ಎರಡು ಕರ್ಪೂರದ ಮರ, ಸುಟ್ಟು ಬೋಳಾಗಿ ಸತ್ತೇ ಹೋದ್ವು ಅಂದ್ಕೊಂಡಿದ್ದು ಮತ್ತೆ ಚಿಗುರಿದ್ವು, ಈಗ ದೊಡ್ಡ ನೆರಳು. ಚರ್ಚ್ ಗ್ರೂಪ್ ಆದ್ರೂ ಹತ್ತು ನಿಮಿಷ ಅಲ್ಲಿ ನಿಂತು ಬನ್ನಿ. ಬಾಂಬು ಇದು ಇಗರ್ಜಿ ಇದು ದೇವಸ್ಥಾನ ಅಂತ ನೋಡಿ ಬೀಳ್ಲಿಲ್ಲ.

ಮತ್ತೆ ಒಂದು ಪ್ರಶ್ನೆ, ನಾನು ಪಕ್ಕಾ ವೆಜಿಟೇರಿಯನ್, ಅವತ್ತು ಇಡೀ ದಿನ ಬಾಳೆಹಣ್ಣಲ್ಲಿ ಕಳೆದೆ. ನಿಮ್ಮ ಗ್ರೂಪಲ್ಲಿ ಊಟಕ್ಕೆ ಏನ್ ಮಾಡಿದ್ರಿ?

ಬೆಳ್ತಂಗಡಿ_ಟು_ಫುಕುಓಕಾ

ಸಾನ್ನೋ ಬಗ್ಗೆ ಬರೆದದ್ದಕ್ಕೆ ತುಂಬ ಥ್ಯಾಂಕ್ಸ್ ಸರ್, ನಮ್ಗೆ ಅದು ಗೊತ್ತಿರ್ಲಿಲ್ಲ, ಮುಂದಿನ ಸಲ ಖಂಡಿತ.

ಊಟದ ವಿಷಯ. ಅದು ತಪಸ್ಸುಕಾಲದ ಶುಕ್ರವಾರ ಅಲ್ವಾ, ನಾಗಾಸಾಕಿಗೆ ಹೋಗಿ ಚಾಂಪೊನ್ ನೂಡಲ್ಸ್ ತಿನ್ನದೆ ಬರುದಾ ಅಂತ ಕೆಲವ್ರು, ಅದ್ರಲ್ಲಿ ಹಂದಿ ಮಾಂಸ ಇರ್ತದೆ ಬೇಡ ಅಂತ ಕೆಲವ್ರು. ಜಪಾನಲ್ಲಿ ಅಂಥ ಶುಕ್ರವಾರಗಳಲ್ಲಿ ಮಾಂಸ ಬಿಡುವ ಬದಲು ಬೇರೆ ಒಳ್ಳೆ ಕೆಲಸ ಮಾಡಿದ್ರೂ ಆಗ್ತದೆ, ಫಾದರ್ ಯಾರಿಗೂ ಒತ್ತಾಯ ಮಾಡ್ಲಿಲ್ಲ. ಕೊನೆಗೆ ಜಪಾನಿ ಹುಡುಗ್ರೇ, ನೀವು ಊರಲ್ಲಿ ಹೇಗೆ ಮಾಡ್ತೀರೋ ನಾವೂ ಇವತ್ತು ಹಾಗೇ ಅಂದ್ರು. ಎಲ್ರೂ ಒನಿಗಿರಿ, ಅಂದ್ರೆ ಅನ್ನದ ಉಂಡೆ, ತಗೊಂಡು ಸ್ಟೇಷನ್ ಹತ್ರ ಬೆಂಚಲ್ಲಿ ಕೂತು ತಿಂದ್ವಿ. ನಿಮ್ಗೆ ಹೇಳುದಾದ್ರೆ, ಉಮೆ ಹಣ್ಣು ಹಾಕಿದ ಒನಿಗಿರಿ ಹುಡುಕಿ, ನಮ್ಮ ಉಪ್ಪಿನಕಾಯಿ ಹಾಗೆ ಹುಳಿ ಉಪ್ಪು. ಆದ್ರೂ ಪ್ಯಾಕೆಟ್ ಹಿಂದೆ ಓದ್ಲೇಬೇಕು, ತರಕಾರಿ ಸಾರು ಅಂತ ಕಂಡ್ರೂ ಇಲ್ಲಿ ಹೆಚ್ಚಿನದಕ್ಕೆ ಒಣಮೀನಿನ ಸಾರು ಹಾಕಿರ್ತಾರೆ. ಕಾಸ್ತೆಲಾದಲ್ಲಿ ಮೊಟ್ಟೆ ಉಂಟು, ತುಂಬವೇ ಉಂಟು.

ಟ್ರಾಮ್ ಬಗ್ಗೆಯೂ ಒಂದು ಮಾತು. ಬಸ್ಸನ್ನು ಒಂದು ಕಡೆ ನಿಲ್ಸಿ ಟ್ರಾಮಲ್ಲಿ ಓಡಾಡಿದ್ವಿ, ಒಂದು ದಿನದ ಪಾಸ್ ಸಿಗ್ತದೆ. ಮೊದಲ ಸಲ 22 ಜನ ಒಟ್ಟಿಗೆ ಹತ್ತಿದ್ವಿ, ಗಾಡಿ ಸಣ್ಣದು, ಚೀಲ ಹಿಡ್ಕೊಂಡ ಒಬ್ರು ಅಜ್ಜಿಗೆ ಒಳಗೆ ಬರ್ಲಿಕ್ಕೇ ಆಗ್ಲಿಲ್ಲ, ಕೆಳಗೇ ಉಳಿದ್ರು. ಟ್ರಾಮ್ ಹೊರಟಾಗ ಕಿಟಕಿಯಿಂದ ಅವ್ರನ್ನು ನೋಡಿ ತುಂಬ ನಾಚಿಕೆ ಆಯ್ತು. ಆಮೇಲೆ ಐದು ಐದು ಜನ ಬೇರೆ ಬೇರೆ ಟ್ರಾಮಲ್ಲಿ. ಓಉರಾಕ್ಕೆ ಚೈನಾಟೌನ್ ಸ್ಟಾಪಲ್ಲಿ ಇಳ್ದು ಲೈನ್ ಬದಲಿಸ್ಬೇಕು, ಪ್ರತಿ ಗುಂಪಲ್ಲಿ ಜಪಾನಿ ಓದುವವ್ರು ಒಬ್ರು ಇರ್ಲಿ.

ಶಿವಮೊಗ್ಗ_ಟೀಚರ್

ನಾನು ಭಾನುವಾರ ಮಕ್ಕಳಿಗೆ ಧರ್ಮೋಪದೇಶ ಮಾಡ್ತೀನಿ. 221 ವರ್ಷ ಪಾದ್ರಿಗಳಿಲ್ಲದೆ ಅಂದ್ರಲ್ಲ, ಮಕ್ಕಳು ಖಂಡಿತ ಕೇಳ್ತಾರೆ, ಹಾಗಾದ್ರೆ ದೀಕ್ಷಾಸ್ನಾನ ಯಾರು ಕೊಡ್ತಿದ್ರು, ಹಬ್ಬ ಯಾವಾಗ ಅಂತ ಹೇಗೆ ಗೊತ್ತಾಗ್ತಿತ್ತು? ಅಲ್ಲಿ ಏನಾದ್ರೂ ನೋಡಿದ್ರೆ ಬರೀರಿ. ಇನ್ನೊಂದು, ನನ್ನ ಮನಸ್ಸಲ್ಲಿ ಬಹಳ ದಿನದಿಂದ ಇರೋದು: ನಾವು ಯಾವಾಗ್ಲೂ ಪ್ರಾಣ ಕೊಟ್ಟವರ ಬಗ್ಗೆ ಮಾತ್ರ ಮಕ್ಕಳಿಗೆ ಹೇಳ್ತೀವಿ, ಹೆದರಿ ಬದುಕಿದವರ ಬಗ್ಗೆ ಹೇಳೋದೇ ಇಲ್ಲ.

ಬೆಳ್ತಂಗಡಿ_ಟು_ಫುಕುಓಕಾ

ಟೀಚರ್, ನೀವು ಕೇಳಿದ್ದೇ ನಂಗೆ ಅಲ್ಲಿ ಅತಿ ಹೆಚ್ಚು ತಟ್ಟಿದ್ದು.

ಹಳ್ಳಿಯಲ್ಲಿ ಜವಾಬ್ದಾರಿ ಹಂಚ್ಕೊಂಡಿದ್ರು. ಹಬ್ಬದ ದಿನಗಳ ಲೆಕ್ಕ ಇಟ್ಟು ಹೇಳುವವ ಚೋಕಾತಾ, ಮಕ್ಕಳಿಗೆ ನೀರು ಹಾಕಿ ದೀಕ್ಷಾಸ್ನಾನ ಕೊಡುವವ ಮಿಝುಕಾತಾ. ಯಾರೂ ಪಾದ್ರಿ ಅಲ್ಲ, ಎಲ್ಲ ಗದ್ದೆಯಲ್ಲಿ ಕೆಲಸ ಮಾಡುವವ್ರು, ಮೀನು ಹಿಡಿಯುವವ್ರು. ಬಾಸ್ತಿಯಾನ್ ಎಂಬ ಉಪದೇಶಿ ಬಿಟ್ಟು ಹೋದ ಹಬ್ಬಗಳ ಕ್ಯಾಲೆಂಡರ್ ತಲೆಮಾರಿಂದ ತಲೆಮಾರಿಗೆ ನಕಲು ಮಾಡಿ ಉಳಿಸ್ಕೊಂಡ್ರು. ಪ್ರಾರ್ಥನೆಗೆ ಒರಾಶೊ ಅಂತಾರೆ, ಲ್ಯಾಟಿನ್ ಒರಾಸಿಯೊ ಅವ್ರ ಬಾಯಲ್ಲಿ ಹಾಗೆ ಆದದ್ದು. ಮನೆಯಲ್ಲಿ ಬೌದ್ಧರ ಕಾನ್ನೊನ್ ದೇವಿಯ ಮೂರ್ತಿ ಇಟ್ಟು, ಅದ್ರಲ್ಲೇ ಮರಿಯಮ್ಮನನ್ನು ಕಂಡು ಕೈ ಮುಗೀತಿದ್ರು.

ಹೆದರಿ ಬದುಕಿದವ್ರ ಬಗ್ಗೆ. ವರ್ಷಕ್ಕೊಮ್ಮೆ ಊರ ಮುಖಂಡನ ಮನೆಗೆ ಕರ್ದು ಫುಮಿಎ ತುಳಿಸ್ತಿದ್ರು, ಅಂದ್ರೆ ಯೇಸುವಿನ ಅಥವಾ ಮರಿಯಮ್ಮನ ಚಿತ್ರ ಇರುವ ಫಲಕ. ತುಳೀದಿದ್ರೆ ಸಿಕ್ಕಿಬಿದ್ದ ಹಾಗೆ. ತುಳಿದ್ರು ಟೀಚರ್, ಹೆಚ್ಚಿನವ್ರು ತುಳಿದ್ರು. ಮನೆಗೆ ಬಂದು ಬಾಗಿಲು ಹಾಕಿ ಪಶ್ಚಾತ್ತಾಪದ ಪ್ರಾರ್ಥನೆ ಹೇಳ್ತಿದ್ರು, ಅದಕ್ಕೆ ಕೊಂಚಿರಿಸಾನ್ ಅಂತ ಹೆಸರು. ಮರುವರ್ಷ ಮತ್ತೆ ತುಳಿಯುದು, ಮತ್ತೆ ಪ್ರಾರ್ಥನೆ. 1865ರಲ್ಲಿ ಓಉರಾದ ಬಾಗಿಲಿಗೆ ಬಂದವ್ರು ಇವ್ರ ಮಕ್ಕಳು ಮೊಮ್ಮಕ್ಕಳು. ತುಳಿದ ಕಾಲುಗಳೇ ಅಲ್ಲಿವರೆಗೆ ನಡ್ಕೊಂಡು ಬಂದದ್ದು ಅಂತ ನಮ್ಮ ಫಾದರ್ ಹೇಳಿದ್ರು.

ಅಷ್ಟಕ್ಕೆ ಮುಗೀಲಿಲ್ಲ. ಗೊತ್ತಾದ ಮೇಲೆ ಸರ್ಕಾರ ಉರಾಕಾಮಿಯ ಸುಮಾರು 3400 ಜನರನ್ನು ಹಿಡ್ದು ದೇಶದ ಬೇರೆ ಬೇರೆ ಮೂಲೆಗೆ ಗಡೀಪಾರು ಮಾಡಿತು. ತುಂಬ ಜನ ಅಲ್ಲೇ ತೀರಿಹೋದ್ರು. ಟಿಪ್ಪು ಕಾಲದಲ್ಲಿ ನಮ್ಮ ಕಡೆಯ ಕ್ರೈಸ್ತರನ್ನು ಹಿಡ್ದು ಒಯ್ದ ಶ್ರೀರಂಗಪಟ್ಟಣದ ಸೆರೆಯ ಕಥೆ ಅಜ್ಜಿಯಂದಿರ ಬಾಯಲ್ಲಿ ಕೇಳಿದವ್ರಿಗೆ ಇದು ಅರ್ಥ ಆಗ್ತದೆ. 1873ರಲ್ಲಿ ಕ್ರೈಸ್ತ ಧರ್ಮ ನಿಷೇಧ ಅಂತ ಹಾಕಿದ್ದ ಸರ್ಕಾರಿ ಬೋರ್ಡು ತೆಗೆದ ಮೇಲೆ ಉಳಿದವ್ರು ವಾಪಸ್ ಬಂದು, ಯಾವ ಮುಖಂಡನ ಜಾಗದಲ್ಲಿ ತಮ್ಮನ್ನು ಫುಮಿಎ ತುಳಿಸ್ತಿದ್ರೋ ಅದೇ ಜಾಗವನ್ನು ದುಡ್ಡು ಕೂಡಿಸಿ ಕೊಂಡ್ರು. 1895ರಲ್ಲಿ ಅಲ್ಲಿ ಉರಾಕಾಮಿ ಇಗರ್ಜಿಯ ಕೆಲಸ ಶುರು, 1914ರಲ್ಲಿ ಇಗರ್ಜಿ ಆಶೀರ್ವಾದ, ಗಂಟೆಯ ಗೋಪುರಗಳು ಮುಗಿಯುವಾಗ 1925.

ಇಪ್ಪತ್ತೇ ವರ್ಷ. 1945 ಆಗಸ್ಟ್ 9. ಬಾಂಬ್ ಸಿಡಿದ ಜಾಗದಿಂದ ಇಗರ್ಜಿಗೆ ಬರೀ 500 ಮೀಟರ್. ಒಳಗೆ ಪಾಪನಿವೇದನೆ ನಡೀತಿತ್ತು, ಒಳಗಿದ್ದವ್ರು ಯಾರೂ ಉಳೀಲಿಲ್ಲ. ಉರಾಕಾಮಿಯ 12,000 ಕ್ರೈಸ್ತರಲ್ಲಿ ಸುಮಾರು 8,500 ಜನ ಹೋದ್ರು.

ಈಗ ಇರುವುದು 1959ರಲ್ಲಿ ಮತ್ತೆ ಕಟ್ಟಿದ್ದು. ಒಳಗೆ ಒಂದು ಸಣ್ಣ ಚಾಪೆಲಲ್ಲಿ ಮರದ ಮರಿಯಮ್ಮನ ತಲೆ ಮಾತ್ರ ಇಟ್ಟಿದ್ದಾರೆ, ಅವಶೇಷದಲ್ಲಿ ಸಿಕ್ಕಿದ್ದು. ಗಾಜಿನ ಕಣ್ಣು ಎರಡೂ ಹೋಗಿ ಕಪ್ಪು ಗುಳಿ ಆಗಿದೆ, ಒಂದು ಕೆನ್ನೆ ಸುಟ್ಟ ಕಲೆ. ನಾವು ತೇರ್ಸಿನ ಕೊನೆಯ ದಶಕ ಅಲ್ಲಿ ಬಾಯಿಬಿಟ್ಟು ಹೇಳ್ಬೇಕು ಅಂತ ಇದ್ವಿ, ಯಾರಿಗೂ ದನಿ ಬರ್ಲಿಲ್ಲ, ಮನಸ್ಸಲ್ಲೇ ಹೇಳಿದ್ವಿ.

ಹೊರಗೆ ಬಂದು ಗುಡ್ಡದ ಬುಡದಲ್ಲಿ ತೋಡಿನ ಹತ್ರ ಹೋಗಿ. ಹಳೆ ಗೋಪುರದ ಗುಮ್ಮಟ ಅಲ್ಲಿಗೆ ಉರುಳಿ ಬಿದ್ದದ್ದು ಬಿದ್ದ ಹಾಗೇ ಉಂಟು, ಸುಮಾರು 50 ಟನ್. ಹೆಚ್ಚಿನವ್ರು ಇಗರ್ಜಿ ನೋಡಿ ಹಾಗೇ ಹೋಗ್ತಾರೆ, ಇದನ್ನು ನೋಡುದೇ ಇಲ್ಲ. ಎರಡು ಗಂಟೆಗಳಲ್ಲಿ ಒಂದು ಒಡೀದೆ ಸಿಕ್ಕಿತ್ತು, ಅದೇ ವರ್ಷ ಕ್ರಿಸ್ಮಸ್ ರಾತ್ರಿ ಅವಶೇಷದ ನಡುವೆ ಅದನ್ನು ಬಾರಿಸಿದ್ರು. ಇನ್ನೊಂದು ಗಂಟೆಯ ಜಾಗ ಖಾಲಿಯೇ ಇತ್ತು, ಅಮೆರಿಕದ ಕಥೋಲಿಕರು ದುಡ್ಡು ಒಟ್ಟು ಮಾಡಿ ಹೊಸ ಗಂಟೆ ಮಾಡಿಸಿ ಕೊಟ್ರು, 2025 ಆಗಸ್ಟ್ 9ಕ್ಕೆ 80 ವರ್ಷದ ನಂತರ ಎರಡೂ ಒಟ್ಟಿಗೆ ಬಾರಿಸಿದ್ವು. ನಾವು ಅಲ್ಲಿರುವಾಗ ಸಂಜೆ ಆರರ ಗಂಟೆ ಆಯ್ತು. ನಮ್ಮ ಬಸ್ ಡ್ರೈವರ್ ಕ್ರೈಸ್ತರಲ್ಲ, ಪ್ರಾಯದವ್ರು, ಟೋಪಿ ತೆಗ್ದು ಕೈಯಲ್ಲಿ ಹಿಡ್ದು ಗಂಟೆ ನಿಲ್ಲುವವರೆಗೆ ಹಾಗೇ ನಿಂತಿದ್ರು.

ಹುಬ್ಳಿ_ಮಂದಿ_ಓಸಾಕಾ

ಸರ್, ನಿನ್ನೆ ರಾತ್ರಿ ನಿಮ್ದೆಲ್ಲಾ ಮತ್ತೊಮ್ಮೆ ಓದಿ ನಮ್ಮ ಗ್ರೂಪಿನಾಗ ಮಾತಾಡಿದ್ವಿ. ಎಂಟರಾಗ ದೆಜಿಮಾ, ಚೈನಾಟೌನ್, ಇನಾಸಾ ತಗದೀವಿ. ಪೀಸ್ ಪಾರ್ಕಿಗೆ ಬ್ಯಾರೆ ಟೈಮ್ ಇಟ್ಟಿಲ್ಲ, ಉರಾಕಾಮಿಗೆ ನಡಕೊಂಡು ಹೋಗೂ ದಾರಿಯಾಗ ನೋಡ್ತೀವಿ. ಗ್ಲೋವರ್ ಮಾತ್ರ ಬಿಡಂಗಿಲ್ರಿ, ಅದಕ್ಕ ಅರ್ಧ ತಾಸು ಇಟ್ಟೀವಿ. ನಿಶಿಜಾಕಾ ನಮ್ಮ ಪಟ್ಟಿಯಾಗ ಇರಲೇ ಇಲ್ಲ ನೋಡ್ರಿ, ಅದೀಗ ಮೊದಲನೇದ್ದು. ಬಾಂಬ್ ಮ್ಯೂಸಿಯಂ ಬಿಡಬೇಕೋ ಬ್ಯಾಡೋ ಅಂತ ಜಗ್ಗಾಡ್ಲಿಕ್ಕೆ ಹತ್ತೇವಿ. ನೀವು ಹೋಗಿರ್ಲಿಲ್ಲಲ್ಲ?

ಬೆಳ್ತಂಗಡಿ_ಟು_ಫುಕುಓಕಾ

ಆ ದಿನ ಹೋಗ್ಲಿಲ್ಲ, ಮೊದ್ಲು ಒಮ್ಮೆ ಒಬ್ನೇ ಹೋಗಿದ್ದೆ. ಅಲ್ಲಿ ಕರಗಿ ಮುದ್ದೆ ಆದ ಜಪಮಾಲೆಗಳನ್ನು ಇಟ್ಟಿದ್ದಾರೆ, ನೋಡ್ಬೇಕು. ಬಿಡ್ಬೇಡಿ. ಆದ್ರೆ ಒಂದೂವರೆ ಗಂಟೆ ಬೇಕು, ಅರ್ಧ ಗಂಟೆಯಲ್ಲಿ ಓಡುದಾದ್ರೆ ಹೋಗುದೇ ಬೇಡ. ಉರಾಕಾಮಿಗಿಂತ ಮೊದ್ಲು ಇಡಿ, ಕೊನೆಗೆ ಇಡ್ಬೇಡಿ, ಅಲ್ಲಿಂದ ನೇರ ಬಸ್ ಹತ್ತಿದ್ರೆ ಮಕ್ಕಳು ಇಡೀ ದಾರಿ ಅದೇ ಭಾರದಲ್ಲಿ ಕೂತಿರ್ತಾರೆ. ಟೈಮ್ ಉಳಿದ್ರೆ ಹತ್ರದಲ್ಲೇ ನ್ಯೋಕೊದೊ, ಡಾಕ್ಟರ್ ನಾಗಾಯ್ ತಾಕಾಶಿ ಅವ್ರ ಮನೆ. ಎರಡು ಚಾಪೆಯ ಕೋಣೆ ಅಷ್ಟೇ. ಬಾಂಬಿನಲ್ಲಿ ಹೆಂಡ್ತಿಯನ್ನು ಕಳ್ಕೊಂಡು, ತಾವೂ ಹಾಸಿಗೆ ಹಿಡ್ದು, ಇಬ್ರು ಮಕ್ಕಳ ಜೊತೆ ಅಷ್ಟು ಜಾಗದಲ್ಲಿ ಇದ್ದು, ಮಲಗಿದಲ್ಲೇ ಪುಸ್ತಕ ಬರ್ದವ್ರು, 1951ರಲ್ಲಿ ತೀರಿಹೋದ್ರು. ಹೊರಗಿಂದಲೇ ನೋಡುದು, ಐದು ನಿಮಿಷ ಸಾಕು.

ಮತ್ತೆ ಶೂ. ಊರು ಪೂರಾ ಏರು ಇಳಿಜಾರು. ನಮ್ಮಲ್ಲಿ ಇಬ್ರು ಹುಡುಗಿಯರಿಗೆ ಹೊಸ ಚಪ್ಪಲಿ ಕಚ್ಚಿ ಓಉರಾದಿಂದ ಬರಿಗಾಲಲ್ಲಿ ಇಳಿದ್ರು.

ವಸಾಯಿ_ಕನ್ನಡಿಗ

ಈ ಭಾನುವಾರ ನಾವಿಬ್ರೂ ಗಾಸ್ ಇಗರ್ಜಿಗೆ ಪೂಜೆಗೆ ಹೋಗ್ತೇವೆ. ನಿಮ್ಮ ಗ್ರೂಪಿನ 22 ಜನರ ಹೆಸರು ಕಳಿಸ್ತೀರಾ? ಮನೆಹೆಸರು ಎಲ್ಲ ಬೇಡ, ಕರೆಯುವ ಹೆಸರು ಸಾಕು. ಚೀಟಿಯಲ್ಲಿ ಬರ್ದು ಪೂಜೆಗೆ ಕೊಡ್ತೇನೆ.

ಬೆಳ್ತಂಗಡಿ_ಟು_ಫುಕುಓಕಾ

ಕಳಿಸ್ತೇನೆ ಅಣ್ಣ, ಮೆಸೇಜಿಗೆ. 24 ಹೆಸರು ಬರ್ತದೆ. ರಜೆ ಸಿಗದೆ ರೂಮಲ್ಲಿ ಉಳಿದ ಆ ಹುಡುಗನದ್ದು ಒಂದು, ಡ್ರೈವರದ್ದು ಒಂದು.